ಟಿಪ್ಪು ಸುಲ್ತಾನನೂ ಅವನ ಕಾಲದ ನಾಣ್ಯ-ಪದಕಗಳೂ

ರಾಜನೊಬ್ಬನ ಚರಿತ್ರೆಯನ್ನು ಬರೆಯಹೊರಟವರು ಶಾಸನಗಳನ್ನೂ ಕಾಗದಪತ್ರಗಳನ್ನೂ ಸಮಕಾಲೀನರ ಬರಹಗಳನ್ನೂ ಆಶ್ರಯಿಸುವುದು ವಾಡಿಕೆ. ಟಿಪ್ಪು ಸುಲ್ತಾನನ ವಿಷಯದಲ್ಲಿಯಾದರೋ ಇಂಥ ಬರಹಗಳಿಗೆ ಕೊರತೆಯಿಲ್ಲ; ಕೊರತೆಯಿರುವುದು ನಿಷ್ಪಕ್ಷಪಾತಕ್ಕೆ. ಅವನನ್ನು ಸೋಲಿಸಿದವರು ಬರೆದದ್ದು ಒಂದು ಬಗೆ, ಅವನ ಆಶ್ರಿತರು ಬರೆದದ್ದು ಇನ್ನೊಂದು ಬಗೆ. ಇಂದಿಗೂ ಅವನ ಹೆಸರೆತ್ತಿದರೆ ಸಭೆ ಎರಡು ಪಾಲಾಗುತ್ತದೆ. ಆದುದರಿಂದ ಈ ಲೇಖನದಲ್ಲಿ ನಾನು ಬೇರೊಂದು ದಾರಿಯನ್ನು ಹಿಡಿದಿದ್ದೇನೆ. ಅವನು ತಾನೇ ಮುದ್ರೆಯೊತ್ತಿಸಿದ ನಾಣ್ಯಗಳು, ಅವನನ್ನು ಸೋಲಿಸಿದವರು ಮುದ್ರೆಯೊತ್ತಿಸಿದ ಪದಕಗಳು, ಇವೆರಡನ್ನು ಮುಂದಿಟ್ಟುಕೊಂಡು ಅವನ ಜೀವನವನ್ನು ಹೇಳಲು ಪ್ರಯತ್ನಿಸುತ್ತೇನೆ. ಲೋಹವೂ ಉತ್ಪ್ರೇಕ್ಷೆ ಮಾಡುತ್ತದೆಂಬುದು ನಿಜವೇ. ಆದರೆ ಒಮ್ಮೆ ಮಾಡಿದ ಉತ್ಪ್ರೇಕ್ಷೆಯನ್ನು ಮುಂದಿನವರು ಬಂದು ತಿದ್ದಲು ಅದರಲ್ಲಿ ಅವಕಾಶವಿಲ್ಲ.

ಹಿರಿಯೂರು ತಾಲ್ಲೂಕಿನವನಾದ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಲು ಕಾರಣವುಂಟು. ನಮ್ಮ ಜವನಗೊಂಡನಹಳ್ಳಿ ಸಿರಾದಿಂದ ಹಿರಿಯೂರಿನ ಮೇಲೆ ಚಿತ್ರದುರ್ಗಕ್ಕೆ ಹೋಗುವ ದಾರಿಯಲ್ಲಿದೆ. ಹದಿನೆಂಟನೆಯ ಶತಮಾನದಲ್ಲಿ ಈ ಸೀಮೆಯ ಹಳ್ಳಿಗಳು ಮರಾಠರ ಕುದುರೆಗಳನ್ನೂ ಹೈದರನ ಕುದುರೆಗಳನ್ನೂ ಸರದಿಯ ಮೇಲೆ ನೋಡಿದವು. ೧೭೬೧ರಲ್ಲಿ ಸಿರಾ ಹೈದರನ ವಶವಾಯಿತು; ೧೭೭೯ರಲ್ಲಿ ಚಿತ್ರದುರ್ಗ ಬಿದ್ದಿತು. ದುರ್ಗದ ಕೊನೆಯ ಪಾಳೆಯಗಾರನಾದ ಮದಕರಿನಾಯಕನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋದನು. ಅವನ ಬೆನ್ನಿಗೆ ನಿಂತಿದ್ದ ಬೇಡರ ಪಡೆಯ ಕುಟುಂಬಗಳನ್ನು ಸಾವಿರಗಟ್ಟಲೆಯಾಗಿ ಆ ಕಡೆಗೆ ಸಾಗಿಸಲಾಯಿತು. ದುರ್ಗದ ಜನ ಇದನ್ನು ಮರೆತವರಲ್ಲ, ಮರೆಯಬೇಕೆಂದು ಅವರಿಗೆ ಹೇಳುವುದು ನ್ಯಾಯವೂ ಅಲ್ಲ. ಮುಂದೆ ಹೇಳುವ ನಾಣ್ಯಗಳ ಸಂಗತಿಯನ್ನು ಓದುವಾಗ ಈ ಹಿನ್ನೆಲೆಯನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಟಿಪ್ಪು ಹುಟ್ಟಿದ್ದು ೧೭೫೦ರ ನವೆಂಬರಿನಲ್ಲಿ, ದೇವನಹಳ್ಳಿಯಲ್ಲಿ. ತಂದೆ ಹೈದರಾಲಿ ಆಗಿನ್ನೂ ಮೈಸೂರರಸರ ಸೈನ್ಯದಲ್ಲಿ ಮೇಲಕ್ಕೇರುತ್ತಿದ್ದ ಸರದಾರ. ಓದುಬರಹ ಬಾರದ ಹೈದರನು ಮಗನಿಗೆ ಮಾತ್ರ ಪಾರಸಿ ಮುಂತಾದ ವಿದ್ಯೆಗಳನ್ನು ಹೇಳಿಸಿದನು. ಹದಿನೇಳರ ಪ್ರಾಯದಲ್ಲಿಯೇ ಮೊದಲನೆಯ ಮೈಸೂರು ಯುದ್ಧದಲ್ಲಿ ಕುದುರೆಯ ದಂಡಿನೊಡನೆ ಮದರಾಸಿನ ಹೊರವಲಯದವರೆಗೆ ನುಗ್ಗಿದ ಹುಡುಗನಿವನು. ೧೭೮೦ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಬಳಿ ಕರ್ನಲ್ ಬೈಲಿಯ ಪಡೆ ಹೈದರ್-ಟಿಪ್ಪುಗಳ ಕೈಯಲ್ಲಿ ನಾಶವಾಯಿತು. ಆ ಜಯವನ್ನು ಶ್ರೀರಂಗಪಟ್ಟಣದ ದರಿಯಾದೌಲತ್ತಿನ ಗೋಡೆಯ ಮೇಲೆ ಉದ್ದಕ್ಕೂ ಚಿತ್ರಿಸಿರುವುದನ್ನು ಪ್ರವಾಸ ಹೋದ ವಿದ್ಯಾರ್ಥಿಗಳೆಲ್ಲ ನೋಡಿಯೇ ಇರುತ್ತಾರೆ. ಗೋಡೆಯ ಚಿತ್ರವನ್ನು ನೋಡಲು ಅರಮನೆಗೆ ಹೋಗಬೇಕು. ನಾಣ್ಯವಾದರೋ ಪ್ರಜೆಯ ಸೊಂಟದ ಚೀಲಕ್ಕೆ ತಾನಾಗಿಯೇ ಬರುತ್ತದೆ. ಈ ವ್ಯತ್ಯಾಸವನ್ನು ಟಿಪ್ಪುವಿನಷ್ಟು ಚೆನ್ನಾಗಿ ಅರಿತ ಅರಸರು ನಮ್ಮ ನಾಡಿನಲ್ಲಿ ವಿರಳ.

ಹೈದರನು ಈ ವಿಷಯದಲ್ಲಿ ಬಹು ವ್ಯವಹಾರಸ್ಥ. ೧೭೬೩ರಲ್ಲಿ ಬಿದನೂರನ್ನು ಗೆದ್ದಾಗ ಅಲ್ಲಿಯ ನಾಯಕರು ಹೊರಡಿಸುತ್ತಿದ್ದ ಶಿವಪಾರ್ವತಿಯರ ವರಹವನ್ನು ಅವನು ಕೆಡಿಸಲಿಲ್ಲ. ದೇವರ ಮುಖವನ್ನು ಹಾಗೆಯೇ ಉಳಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಪಾರಸಿ ಲಿಪಿಯಲ್ಲಿ ಒತ್ತಿಸಿದನು, ಅಷ್ಟೆ. ಪೇಟೆಯಲ್ಲಿ ವರಹಕ್ಕಿದ್ದ ನಂಬಿಕೆ ಕೆಡದಿರಲಿ, ಆದರೆ ಒಡೆಯನು ಬದಲಾದನೆಂಬುದು ತಿಳಿದವರಿಗೆ ತಿಳಿಯಲಿ, ಇದು ಅವನ ನೀತಿ. ಕೊನೆಯ ವರ್ಷಗಳಲ್ಲಿ ತಾಮ್ರದ ಕಾಸಿನ ಮೇಲೆ ಆನೆಯ ಚಿತ್ರವನ್ನು ಹಾಕಿಸಲು ತೊಡಗಿದವನೂ ಅವನೇ. ೧೭೮೨ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ದಂಡಿನ ಬೀಡಿನಲ್ಲಿ ಹೈದರನು ತೀರಿಕೊಂಡಾಗ ಟಿಪ್ಪುವಿಗೆ ಮೂವತ್ತೆರಡು ವರ್ಷ. ಎರಡನೆಯ ಮೈಸೂರು ಯುದ್ಧವನ್ನು ಮುಂದುವರಿಸಿ ೧೭೮೪ರ ಮಾರ್ಚಿಯಲ್ಲಿ ಮಂಗಳೂರಿನಲ್ಲಿ ಒಪ್ಪಂದ ಮಾಡಿಕೊಂಡನು. ಇಂಗ್ಲಿಷರಿಗೆ ಅದೊಂದು ಅವಮಾನದ ಒಪ್ಪಂದವಾಗಿಯೇ ಉಳಿಯಿತು.

ಮಗನು ತಂದೆಯಂತೆ ನಾಣ್ಯವನ್ನು ಹಾಗೆಯೇ ಬಿಡುವವನಾಗಿರಲಿಲ್ಲ. ಶಿವಪಾರ್ವತಿಯರು ವರಹದಿಂದ ಮರೆಯಾದರು; ಆದರೆ ತಂದೆಯ ಹೆಸರಿನ ಆ ಒಂದು ಅಕ್ಷರವನ್ನು ಅವನು ಭಕ್ತಿಯಿಂದ ಉಳಿಸಿಕೊಂಡನು. ಅಂದಿನ ಹಿಂದೂಸ್ಥಾನದಲ್ಲಿ ಎಷ್ಟೇ ಬಲಿಷ್ಠನಾದ ನವಾಬನಾದರೂ ರೂಪಾಯಿಯ ಮೇಲೆ ದಿಲ್ಲಿಯ ಬಾದಶಹನಾದ ಷಾ ಆಲಮನ ಹೆಸರನ್ನು ಹಾಕಿಸುವುದು ಸಂಪ್ರದಾಯ. ಇಂಗ್ಲಿಷ್ ಕಂಪನಿಯವರೂ ಹಾಗೆಯೇ ಮಾಡುತ್ತಿದ್ದರು. ಟಿಪ್ಪುವಿನ ನಾಣ್ಯದಲ್ಲಿ ಷಾ ಆಲಮನಿಲ್ಲ. ಸೋಜಿಗವೆಂದರೆ ಟಿಪ್ಪು ಎಂಬ ಹೆಸರೂ ಇಲ್ಲ. ಎರಡು ರೂಪಾಯಿಯ ದೊಡ್ಡ ಬೆಳ್ಳಿ ನಾಣ್ಯಕ್ಕೆ ಅವನಿಟ್ಟ ಹೆಸರು ಹೈದರಿ. ತೂಕ ಸುಮಾರು ಎರಡು ತೊಲ. ಅದರ ಒಂದು ಮುಖದಲ್ಲಿ, ಪ್ರವಾದಿಯ ಮತವು ಹೈದರನ ಜಯದಿಂದ ಲೋಕದಲ್ಲಿ ಬೆಳಗಿತೆಂಬ ಅರ್ಥದ ಪಾರಸಿ ಬರಹವಿದೆ. ಹೈದರ್ ಎಂದರೆ ಸಿಂಹ. ಪ್ರವಾದಿಯ ಅಳಿಯನಾದ ಅಲಿಗೆ ಅದೊಂದು ಬಿರುದು. ಶ್ರೀರಂಗಪಟ್ಟಣದ ಪ್ರಜೆಗಾದರೋ ಅದು ಮೊನ್ನೆಯವರೆಗೆ ಆಳಿದ ನವಾಬನ ಹೆಸರು. ಇನ್ನೊಂದು ಮುಖದಲ್ಲಿ ಸುಲ್ತಾನನು ಒಬ್ಬನೇ, ಅವನು ನ್ಯಾಯವಂತ ಎಂಬ ಮಾತು. ಅದು ದೇವರನ್ನು ಕುರಿತದ್ದೆಂದು ಮೌಲವಿ ಓದಬಹುದು. ಆದರೆ ಸುಲ್ತಾನ್ ಎಂಬುದು ಟಿಪ್ಪುವಿನ ಹೆಸರಿನ ಭಾಗವೇ ಆಗಿತ್ತು. ಆದಕಾರಣ ದರಬಾರಿನವನು ಬೇರೆ ರೀತಿಯಲ್ಲಿ ಓದಿದರೂ ತಪ್ಪಾಗುತ್ತಿರಲಿಲ್ಲ. ತನ್ನ ಹೆಸರನ್ನು ಬರೆಯದೆಯೇ ಬರೆಸಿಕೊಳ್ಳುವ ಈ ಜಾಣತನವನ್ನು ಶ್ಲೇಷೆಯಲ್ಲಿ ಪಳಗಿದ ನಮ್ಮ ಹಳೆಯ ಕವಿಗಳು ಕಂಡಿದ್ದರೆ ತಲೆದೂಗುತ್ತಿದ್ದರು.

ನಾಣ್ಯಗಳಿಗೆ ಅವನಿಟ್ಟ ಹೆಸರುಗಳನ್ನು ಕೇಳಿದರೇ ಒಂದು ಲೋಕ ತೆರೆಯುತ್ತದೆ. ಚಿನ್ನದ ದೊಡ್ಡ ಮೊಹರು ಅಹಮದಿ, ಅದರರ್ಧ ಸಿದ್ದೀಕಿ, ವರಹ ಫಾರೂಕಿ. ರೂಪಾಯಿ ಇಮಾಮಿ, ಅದರ ಕೆಳಗಿನ ಅಬಿದಿ, ಬಾಕಿರಿ, ಜಾಫರಿ, ಕಾಜಿಮಿಗಳಿಗೆ ಇಮಾಮರ ಹೆಸರುಗಳು. ತಾಮ್ರಕ್ಕೆ ಬಂದಾಗ ಅವನು ಆಕಾಶವನ್ನು ನೋಡಿದನು: ಕಾಸಿಗೆ ಜೊಹರಾ, ಅಂದರೆ ಶುಕ್ರ, ಅರ್ಧಕ್ಕೆ ಬಹರಾಮ್, ಅಂದರೆ ಮಂಗಳ, ಕಾಲಿಗೆ ಅಖ್ತರ್, ನಕ್ಷತ್ರ, ಅದಕ್ಕೂ ಚಿಕ್ಕದಕ್ಕೆ ಕುತುಬ್, ಧ್ರುವ. ವರ್ಷವೆಣಿಸುವ ಕ್ರಮವನ್ನೂ ಅವನು ಬದಲಿಸಿದನು. ಹಿಜರಿಯನ್ನು ಬಿಟ್ಟು ಪ್ರವಾದಿಯ ಜನನದಿಂದೆಣಿಸುವ ಮೌಲೂದಿ ಶಕೆಯನ್ನು ತಂದನು. ಹಿಜರಿ ೧೨೦೧ರ ಹೊತ್ತಿಗೆ ನಾಣ್ಯದ ಮೇಲೆ ೧೨೧೫ ಬಂದಿತು. ಶಕೆಯ ಹೆಸರು ಇಸ್ಲಾಮಿನದಾದರೂ ತಿಂಗಳು ವರ್ಷಗಳ ಲೆಕ್ಕ ಮಾತ್ರ ನಮ್ಮ ಚಾಂದ್ರಮಾನ ಪಂಚಾಂಗದ ಹಾದಿಯದು, ಅರವತ್ತು ಸಂವತ್ಸರಗಳ ಚಕ್ರ ಸಹಿತವಾಗಿ. ಅಂಕಿಗಳನ್ನಂತೂ ಬಲದಿಂದ ಎಡಕ್ಕೆ ಬರೆಸಿದನು. ನಮ್ಮ ಕಣ್ಣಿಗೆ ೧೨೧೫ ಎಂಬುದು ೫೧೨೧ ಆಗಿ ಕಾಣುತ್ತದೆ. ಇಷ್ಟೊಂದು ಬದಲಾವಣೆಗಳಿಂದ ಶೆಟ್ಟರ ಅಂಗಡಿಯ ಲೆಕ್ಕಕ್ಕೆ ಏನು ಪ್ರಯೋಜನವಾಯಿತೆಂದು ಕೇಳಿದರೆ ಉತ್ತರವಿಲ್ಲ. ಪ್ರಯೋಜನ ಅಂಗಡಿಗಲ್ಲ; ಕಾಲವನ್ನೂ ಗ್ರಹಗಳನ್ನೂ ಹೆಸರಿಡುವವನು ತಾನು ಎಂದು ಸಾರುವುದೇ ಪ್ರಯೋಜನ.

ಇನ್ನು ಕುಶಲಕಲೆಯ ಮಾತು. ಆ ಕಾಲದ ಕಮ್ಮಟದಲ್ಲಿ ಯಂತ್ರವಿರಲಿಲ್ಲ. ಲೋಹವನ್ನು ಕರಗಿಸಿ, ತೂಕಕ್ಕೆ ಸರಿಯಾಗಿ ಬಿಲ್ಲೆಗಳನ್ನು ಮಾಡಿ, ಕಾಯಿಸಿ ಮೆದುಗೊಳಿಸುತ್ತಿದ್ದರು. ಒಂದು ಅಚ್ಚನ್ನು ಅಡಿಗಲ್ಲಿನಲ್ಲಿ ನೆಟ್ಟು ಅದರ ಮೇಲೆ ಬಿಲ್ಲೆಯನ್ನಿಡುವುದು. ಇನ್ನೊಂದು ಅಚ್ಚನ್ನು ಕೈಯಲ್ಲಿ ಹಿಡಿದು ಮೇಲಿಡುವುದು. ಸುತ್ತಿಗೆಯಿಂದ ಒಂದೇ ಬಲವಾದ ಏಟು. ಏಟು ಓರೆಯಾದರೆ ಚಿತ್ರವೂ ಓರೆ. ಆದರೆ ನಿಜವಾದ ವಿದ್ವತ್ತು ಸುತ್ತಿಗೆಯವನದಲ್ಲ, ಅಚ್ಚು ಕೊರೆಯುವವನದು. ಅವನು ಪಾರಸಿಯ ಬಳುಕುವ ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವಾಗಿ, ಉಬ್ಬಿರಬೇಕಾದ್ದನ್ನು ತಗ್ಗಾಗಿ, ರೂಪಾಯಿಯಗಲದ ಉಕ್ಕಿನಲ್ಲಿ ಉಳಿಯಿಂದ ಕೊರೆಯಬೇಕು. ಶ್ರೀರಂಗಪಟ್ಟಣದ ಹೈದರಿಯ ಮೇಲೆ ಆ ಅಕ್ಷರಗಳು ಒಂದರೊಳಗೊಂದು ಹೆಣೆದುಕೊಂಡು, ನಡುವಣ ಬಯಲಿನಲ್ಲಿ ಚುಕ್ಕಿಗಳು ಹೂವಿನಂತೆ ಚೆಲ್ಲಿಕೊಂಡು ನಿಂತಿರುವುದನ್ನು ಕಂಡರೆ ಆ ಕುಶಲಿಯ ಕೈಗೆ ನಮಸ್ಕರಿಸಬೇಕೆನಿಸುತ್ತದೆ. ಅವನ ಹೆಸರನ್ನು ಯಾವ ನಾಣ್ಯವೂ ಹೇಳುವುದಿಲ್ಲ.

ತಾಮ್ರದಲ್ಲಿ ಇಷ್ಟು ಎಚ್ಚರಿಕೆ ಇರುತ್ತಿರಲಿಲ್ಲ. ನಮ್ಮೂರಿನ ಮುದುಕಿಯೊಬ್ಬರು ಎಲೆಯಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಿದ್ದ ಒಂದು ಆನೆಕಾಸನ್ನು ನಾನು ಬೇಡಿ ತೆಗೆದುಕೊಂಡು, ಕಾಗದದ ಕೆಳಗಿಟ್ಟು ಸೀಸದಕಡ್ಡಿಯಿಂದ ಉಜ್ಜಿ ಪ್ರತಿ ತೆಗೆದದ್ದುಂಟು. ಆನೆಯ ಬೆನ್ನು, ಎತ್ತಿದ ಸೊಂಡಿಲು, ನಾಲ್ಕು ಕಾಲು ಚೆನ್ನಾಗಿ ಮೂಡಿದವು. ಬಾಲ ಬಿಲ್ಲೆಯ ಅಂಚಿನಾಚೆಗೆ ಹೋಗಿಬಿಟ್ಟಿತ್ತು. ಹಿಂಬದಿಯ ಬರಹದಲ್ಲಿಯೂ ಅರ್ಧಕ್ಕರ್ಧ ಬಿದ್ದಿರಲಿಲ್ಲ, ಏಕೆಂದರೆ ಅಚ್ಚು ಬಿಲ್ಲೆಗಿಂತ ದೊಡ್ಡದು. ಅದು ಯಾರ ಕಾಲದ್ದೆಂದು ಅಜ್ಜಿಯನ್ನು ಕೇಳಿದೆ. ಆನೆ ಇದ್ದುದರಿಂದ ಅದು ಮೈಸೂರು ಮಹಾರಾಜರದೇ ಎಂದು ಅವರು ಖಂಡಿತವಾಗಿ ಹೇಳಿದರು. ಕಾಸನ್ನು ತಿರುಗಿ ಸಂಚಿಗೆ ಹಾಕಿ ದಾರ ಎಳೆದುಕೊಂಡರು.

ಟಿಪ್ಪುವಿಗೆ ರಾಜ್ಯದಲ್ಲೆಲ್ಲ ಹತ್ತು ಹನ್ನೆರಡು ಕಮ್ಮಟಗಳಿದ್ದವು. ಶ್ರೀರಂಗಪಟ್ಟಣ ಮತ್ತು ನಗರ ಇವುಗಳಲ್ಲಿ ಮುಖ್ಯವಾದವು. ನಾಣ್ಯಗಳ ಮೇಲೆ ಊರುಗಳು ಹಳೆಯ ಹೆಸರಿನಲ್ಲಿ ಕಾಣುವುದಿಲ್ಲ: ಗುತ್ತಿ ಫೈಜ್ ಹಿಸಾರ್, ಧಾರವಾಡ ಖುರ್ಷೀದ್ ಸವಾದ್, ಹೊಳೆಹೊನ್ನೂರು ಬೆನಜೀರ್. ನಮ್ಮ ಚಿತ್ರದುರ್ಗಕ್ಕೆ ಅವನಿಟ್ಟ ಹೆಸರು ಫರ್ರುಖಯಾಬ್ ಹಿಸಾರ್. ಭಾಗ್ಯವನ್ನು ಪಡೆದ ಕೋಟೆಯೆಂದು ಹೆಚ್ಚುಕಡಿಮೆ ಅರ್ಥ. ಆ ಹೆಸರನ್ನು ಹೊತ್ತ ತಾಮ್ರದ ಆನೆಕಾಸುಗಳು ಇಂದಿಗೂ ಸಂಗ್ರಹಗಳಲ್ಲಿವೆ. ದುರ್ಗದ ಬೆಟ್ಟದ ಮೇಲೆ ಟಂಕಸಾಲೆಯೆಂದು ಜನ ತೋರಿಸುವ ಮಣ್ಣುಗೋಡೆಗಳ ಹಾಳು ಕಟ್ಟಡವನ್ನು ನೋಡಿದವರಿಗೆ ಇದು ನೆನಪಾಗಲಿ. ದುರ್ಗ ಬಿದ್ದು ಹತ್ತು ವರ್ಷ ತುಂಬುವುದರೊಳಗಾಗಿಯೇ, ಅರಸನನ್ನೂ ನಂಟರನ್ನೂ ಕಳೆದುಕೊಂಡ ಜನರ ಅಂಗೈಗೆ, ನಿಮ್ಮ ಕೋಟೆ ಭಾಗ್ಯವಂತವಾಯಿತೆಂದು ಹೇಳುವ ಕಾಸು ಬಂದಿತು. ಪಾರಸಿ ಬಾರದ ನಮ್ಮವರು ಅದನ್ನು ಓದಲಾರದವರಾಗಿದ್ದುದೇ ಒಂದು ಪುಣ್ಯವೆನ್ನಬೇಕು. ಅವರು ಆನೆಯನ್ನು ನೋಡಿದರು, ಉಪ್ಪು ಕೊಂಡರು, ಊರನ್ನು ದುರ್ಗವೆಂದೇ ಕರೆದರು.

ಇಲ್ಲಿ ನನಗೊಂದು ಪ್ರಶ್ನೆ ಏಳುತ್ತದೆ. ಟಿಪ್ಪುವಿಗೆ ಕನ್ನಡದ ಬೆಲೆ ತಿಳಿದಿರಲಿಲ್ಲವೆ? ತಿಳಿದಿತ್ತು. ೧೭೯೧ರಲ್ಲಿ ಮರಾಠಾ ದಂಡಿನ ಜನ ಶೃಂಗೇರಿಯನ್ನು ಸುಲಿದಾಗ ಮಠಕ್ಕೆ ನೆರವನ್ನು ಕಳುಹಿಸಿ ಜಗದ್ಗುರುಗಳಿಗೆ ಅವನು ಬರೆಸಿದ ಪತ್ರಗಳು ಕನ್ನಡದಲ್ಲಿಯೇ ಇವೆ. ೧೯೧೬ರಲ್ಲಿ ಪ್ರಾಚ್ಯವಿಮರ್ಶಕ ಆರ್. ನರಸಿಂಹಾಚಾರ್ಯರು ಅವನ್ನು ಬೆಳಕಿಗೆ ತಂದರು. ಒಬ್ಬರ ಮನಸ್ಸನ್ನು ಒಲಿಸಬೇಕಾದಾಗ ಕನ್ನಡವನ್ನು ಹಿಡಿದವನು, ಲಕ್ಷಾಂತರ ಜನರ ಕೈ ಸೇರುವ ಕಾಸಿನ ಮೇಲೆ ಅದನ್ನು ಹಿಡಿಯಲಿಲ್ಲ. ನನ್ನ ಊಹೆಯೇನೆಂದರೆ, ಅವನ ನಾಣ್ಯಗಳು ಮಾತನಾಡಿದ್ದು ಪ್ರಜೆಯೊಡನೆ ಅಲ್ಲ; ಹೈದರಾಬಾದು, ದಿಲ್ಲಿ, ಕಾನ್‌ಸ್ಟಾಂಟಿನೋಪಲ್‌ಗಳ ಆಸ್ಥಾನಗಳೊಡನೆ. ೧೭೮೬ರಲ್ಲಿ ತುರ್ಕಿ ಸುಲ್ತಾನನಲ್ಲಿಗೆ ರಾಯಭಾರ ಹೊರಡಿಸಿದವನು, ೧೭೮೭ರಲ್ಲಿ ಮೂವರು ರಾಯಭಾರಿಗಳನ್ನು ಫ್ರಾನ್ಸಿನ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಕಳುಹಿಸಿ ಸೈನ್ಯದೊಡನೆ ಕುಶಲಕರ್ಮಿಗಳನ್ನೂ ಬೇಡಿದವನು ಅವನು. ಅಂಥವನಿಗೆ ತನ್ನ ನಾಣ್ಯವು ಸಮಾನಸ್ಕಂಧರ ಕೈಯಲ್ಲಿ ಹೇಗೆ ಕಾಣುತ್ತದೆಂಬುದೇ ದೊಡ್ಡದಾಗಿತ್ತು.

ಕಾಸಿನ ಮೇಲೆ ಆನೆಯಿದ್ದರೆ ಉಳಿದೆಲ್ಲೆಡೆ ಹುಲಿ. ಸಿಪಾಯಿಯ ಅಂಗಿಯಲ್ಲಿ ಹುಲಿಪಟ್ಟೆ, ಫಿರಂಗಿಯ ಬಾಯಿಯಲ್ಲಿ ಹುಲಿಮುಖ, ಚಿನ್ನದ ತಗಡು ಹೊದೆಸಿದ ಸಿಂಹಾಸನಕ್ಕೆ ಹುಲಿಯ ಆಧಾರ. ಬಾವುಟಗಳ ಮೇಲೆ, ದೇವರ ಸಿಂಹವೇ ಜಯಶಾಲಿ ಎಂಬ ಅರಬ್ಬಿ ಬಿರುದನ್ನು ಹುಲಿಯ ಮುಖದಂತೆ ಕಾಣುವ ಹಾಗೆ ಬರೆಸಿದ್ದನು. ಸಿಂಹಕ್ಕೂ ಹುಲಿಗೂ ಪಾರಸಿಯಲ್ಲಿ ಶೇರ್ ಎಂಬ ಒಂದೇ ಮಾತು ನಡೆಯುವುದರಿಂದ ಅಲಿಯ ಸಿಂಹವೂ ಹೈದರನ ಸಿಂಹವೂ ಟಿಪ್ಪುವಿನ ಹುಲಿಯೂ ಒಂದರಲ್ಲೊಂದು ಬೆರೆತುಹೋದವು. ಈ ಬಿರುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅದು ಮತ್ತೆ ಬರುತ್ತದೆ.

೧೭೮೯ರ ಕೊನೆಯಲ್ಲಿ ತಿರುವಾಂಕೂರಿನ ಗಡಿಗೋಡೆಯ ಮೇಲೆ ಬಿದ್ದದ್ದರಿಂದ ಮೂರನೆಯ ಯುದ್ಧ ಹೊತ್ತಿಕೊಂಡಿತು. ಇಂಗ್ಲಿಷರು, ನಿಜಾಮ, ಮರಾಠರು ಒಂದಾದರು. ೧೭೯೧ರ ಮಾರ್ಚಿಯಲ್ಲಿ ಬೆಂಗಳೂರು ಹೋಯಿತು; ೧೭೯೨ರ ಫೆಬ್ರುವರಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಮುಂದೆ ನಿಂತನು. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಅದು ಸಲ್ಲುವವರೆಗೆ ಒತ್ತೆಯಾಗಿ ಇಬ್ಬರು ಮಕ್ಕಳು: ಇದು ಶಾಂತಿಯ ಬೆಲೆ. ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಎಂಬ ಆ ಎಳೆಯರು ಆನೆಯ ಮೇಲೆ ಕೋಟೆಯಿಂದ ಹೊರಟರು. ಒಬ್ಬ ತಂದೆಯ ಜೀವನದಲ್ಲಿ ಇದಕ್ಕಿಂತ ಕಠಿನವಾದ ದಿನವಿರಲಾರದು. ಅದೇ ದಿನ ಅವನ ಶತ್ರುಗಳಿಗೆ ಅತ್ಯಂತ ಪ್ರಿಯವಾದ ಚಿತ್ರವಾಯಿತು. ಬರ್ಮಿಂಗ್‌ಹ್ಯಾಮಿನ ಬಳಿ ಸೋಹೋ ಎಂಬಲ್ಲಿ ಮ್ಯಾಥ್ಯೂ ಬೋಲ್ಟನ್ನನು ನಡೆಸುತ್ತಿದ್ದ ಕಮ್ಮಟದಲ್ಲಿ, ಕುಕ್ಲರ್ ಎಂಬ ಜರ್ಮನಿ ಮೂಲದ ಅಚ್ಚುಗಾರನು ಒಂದು ಪದಕವನ್ನು ರಚಿಸಿದನು: ಒಂದು ಮುಖದಲ್ಲಿ ಕಾರ್ನ್‌ವಾಲಿಸನ ತಲೆ, ಇನ್ನೊಂದರಲ್ಲಿ ಅವನು ಟಿಪ್ಪುವಿನ ಮಕ್ಕಳನ್ನು ಬರಮಾಡಿಕೊಳ್ಳುವ ದೃಶ್ಯ, ಜೊತೆಗೆ ಶತ್ರುವನ್ನು ಉಳಿಸುವುದು ಧರ್ಮವೆಂಬ ಅರ್ಥದ ಲ್ಯಾಟಿನ್ ಬರಹ. ಮಕ್ಕಳನ್ನು ಒತ್ತೆ ಹಿಡಿದದ್ದು ಲೋಹಕ್ಕೆ ಏರುವಷ್ಟರಲ್ಲಿ ಔದಾರ್ಯವಾಗಿ ಮಾರ್ಪಟ್ಟಿತ್ತು. ಟಿಪ್ಪುವಿನ ನಾಣ್ಯದಲ್ಲಿ ದುರ್ಗವು ಭಾಗ್ಯವಂತವಾದದ್ದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಕಂಪನಿಯು ಇದೇ ಯುದ್ಧಕ್ಕಾಗಿ ತನ್ನ ದೇಶೀ ಸಿಪಾಯಿಗಳಿಗೆ ಕಲ್ಕತ್ತೆಯಲ್ಲಿ ಬೇರೊಂದು ಪದಕವನ್ನು ಮಾಡಿಸಿತು. ಮೇಲಿನವರಿಗೆ ಚಿನ್ನ, ಕೆಳಗಿನವರಿಗೆ ಬೆಳ್ಳಿ. ಅದರಲ್ಲಿ ಸಿಪಾಯಿಯೊಬ್ಬನು ಉರುಳಿದ ಫಿರಂಗಿಯ ಮೇಲೆ ಕಾಲಿಟ್ಟು, ಒಂದು ಕೈಯಲ್ಲಿ ಇಂಗ್ಲಿಷರ ಬಾವುಟವನ್ನು ಎತ್ತಿ, ಇನ್ನೊಂದರಲ್ಲಿ ಶತ್ರುವಿನ ಬಾವುಟವನ್ನು ತಲೆಕೆಳಗಾಗಿ ಹಿಡಿದು ನಿಂತಿದ್ದಾನೆ. ಬರಹ ಇಂಗ್ಲಿಷಿನಲ್ಲಿಯೂ ಪಾರಸಿಯಲ್ಲಿಯೂ ಇದೆ. ನಮ್ಮ ನಾಡಿನ ಯುದ್ಧದ ನೆನಪಿಗಾಗಿ ಮಾಡಿದ ಪದಕದಲ್ಲಿ ಕನ್ನಡಕ್ಕೆ ಅಲ್ಲಿಯೂ ಎಡೆಯಿಲ್ಲ.

ಹಣ ತೀರಿ ಮಕ್ಕಳು ೧೭೯೪ರಲ್ಲಿ ಮರಳಿದರು. ಮುಂದಿನ ಐದು ವರ್ಷಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ೧೭೯೯ರಲ್ಲಿ ಜನರಲ್ ಹ್ಯಾರಿಸನ ಸೈನ್ಯ ಬಂದು ಕೋಟೆಗೆ ಮುತ್ತಿಗೆ ಹಾಕಿತು. ಮೇ ೪ರಂದು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಬೇರ್ಡನ ಮುಂದಾಳುತನದಲ್ಲಿ ದಂಡು ಕಾವೇರಿಯನ್ನು ದಾಟಿ, ಒಡೆದ ಗೋಡೆಯನ್ನು ಹತ್ತಿತು. ಶರಣಾಗಲು ಎಡೆಯಿದ್ದರೂ ಟಿಪ್ಪು ಹೋರಾಡುತ್ತಲೇ ಬಿದ್ದನು. ಸಂಜೆಗತ್ತಲೆಯಲ್ಲಿ ದೀಪ ಹಿಡಿದು ಹೆಣಗಳ ರಾಶಿಯಿಂದ ಅವನ ದೇಹವನ್ನು ಹುಡುಕಿ ತೆಗೆದರು. ಮರುದಿನ ಗುಂಬಜಿನಲ್ಲಿ ತಂದೆಯ ಪಕ್ಕದಲ್ಲಿ ಮಣ್ಣು ಮಾಡಿದರು. ಅವನ ರಾಜನೀತಿಯ ಕ್ರೌರ್ಯವನ್ನು ನಾನು ಮುಚ್ಚಿಡಬೇಕಾಗಿಲ್ಲ. ಆದರೆ ಈ ಸಾವಿನ ಎದುರಿನಲ್ಲಿ ಅವನ ಧೈರ್ಯವನ್ನು ಅಲ್ಲಗಳೆಯುವವನೂ ನಾನಲ್ಲ.

ಈಗ ಶ್ರೀರಂಗಪಟ್ಟಣದ ಪದಕಕ್ಕೆ ಬರೋಣ. ಇದನ್ನು ಕೊರೆದವನೂ ಅದೇ ಕುಕ್ಲರ್, ಒತ್ತಿದ್ದು ಅದೇ ಸೋಹೋ ಕಮ್ಮಟ. ಅಲ್ಲಿ ಸುತ್ತಿಗೆಯ ಏಟಿಲ್ಲ. ಜೇಮ್ಸ್ ವಾಟನ ಉಗಿಯಂತ್ರ ನಡೆಸುವ ಒತ್ತುಯಂತ್ರಗಳು. ಬಿಲ್ಲೆ ಅಂಚುಮುಟ್ಟ ದುಂಡಗೆ, ಚಿತ್ರ ನಟ್ಟನಡುವೆ, ಸಾವಿರದ ಪ್ರತಿಯೂ ಮೊದಲನೆಯದರಂತೆ. ಅಗಲ ಎರಡು ಅಂಗುಲಕ್ಕೆ ತುಸು ಕಡಿಮೆ. ಅಷ್ಟರೊಳಗೆ ಕೋಟೆಗೋಡೆ, ಒಡೆದ ಕಂಡಿ, ಏರುವ ಸೈನಿಕರು, ಮೇಲೆ ನಡುಹಗಲಿನ ಸೂರ್ಯ. ಲಗ್ಗೆಯ ಗಂಟೆಯನ್ನು ಸೂರ್ಯನೇ ಹೇಳುತ್ತಾನೆ. ಕೆಳಗೆ, ದೇವರು ಕೊಟ್ಟ ಶ್ರೀರಂಗಪಟ್ಟಣದ ಕೋಟೆಯೆಂದು ಪಾರಸಿಯಲ್ಲಿ ತಾರೀಖಿನೊಡನೆ ಬರೆದಿದೆ. ಇನ್ನೊಂದು ಮುಖದಲ್ಲಿ ಬ್ರಿಟಿಷ್ ಸಿಂಹವು ಹುಲಿಯೊಂದನ್ನು ಕೆಡವಿ ಅದರ ಮೇಲೆ ನಿಂತಿದೆ. ಸಿಂಹದ ಮೇಲೆ ಹಾರುವ ಪಟದಲ್ಲಿ ಅರಬ್ಬಿ ಅಕ್ಷರಗಳಿವೆ. ಏನೆಂದು ಓದಿದರೆ, ದೇವರ ಸಿಂಹವೇ ಜಯಶಾಲಿ ಎಂಬ ಟಿಪ್ಪುವಿನದೇ ಬಿರುದು! ಸಿಂಹವನ್ನೂ ಹುಲಿಯನ್ನೂ ಒಂದು ಮಾಡಿ ಅವನು ಕಟ್ಟಿದ್ದ ಶ್ಲೇಷೆಯನ್ನು ಅವರು ಬಿಡಿಸಿ, ಸಿಂಹವನ್ನು ತಾವಿಟ್ಟುಕೊಂಡು ಹುಲಿಯನ್ನು ಅವನಿಗೆ ಬಿಟ್ಟರು. ಅವನ ಮಾತು ಅವನ ಬಾಯಿಗೇ ಬಂದಿತು. ಎಷ್ಟು ಚೆನ್ನಾಗಿ ಮಾಡಿದ್ದಾರೆಂದು ಮೆಚ್ಚಿದ ಮರುಗಳಿಗೆಯಲ್ಲಿ ಮನಸ್ಸು ಕಹಿಯಾಗುತ್ತದೆ.

ಈ ಪದಕವನ್ನು ಐದು ಲೋಹಗಳಲ್ಲಿ ಮಾಡಿದರು. ಸೇನಾಪತಿಗಳಿಗೆ ಚಿನ್ನ, ದೊಡ್ಡ ಅಧಿಕಾರಿಗಳಿಗೆ ಚಿನ್ನದ ನೀರು ಕೊಟ್ಟ ಬೆಳ್ಳಿ, ಅವರ ಕೆಳಗಿನವರಿಗೆ ಬರಿಯ ಬೆಳ್ಳಿ, ಹವಾಲದಾರರ ದರ್ಜೆಗೆ ಕಂಚು, ಸಾಮಾನ್ಯ ಸಿಪಾಯಿಗೆ ತವರ. ತವರದವೇ ಹತ್ತಾರು ಸಾವಿರ. ಹಂಚುವಷ್ಟರಲ್ಲಿ ವರ್ಷಗಳು ಕಳೆದವು. ಕಂಡಿಯನ್ನು ಮೊದಲು ಏರಿದವನಿಗೂ ತವರ, ಬೀಡಿನಲ್ಲಿ ಕಾವಲು ಕೂತವನಿಗೂ ತವರ. ಚಿನ್ನ ಯಾರ ಕೊರಳಿಗೆಂಬುದನ್ನು ಲಗ್ಗೆಯಲ್ಲ, ದರ್ಜೆ ತೀರ್ಮಾನಿಸಿತು. ತವರ ಮೆದು ಲೋಹ. ಉಜ್ಜಿದರೆ ಚಿತ್ರ ಸವೆಯುತ್ತದೆ. ಸಿಪಾಯಿಯ ಮೊಮ್ಮಕ್ಕಳ ಕಾಲಕ್ಕೆ ಎಷ್ಟೋ ಪದಕಗಳಲ್ಲಿ ಸಿಂಹಹುಲಿಗಳ ಮೈ ನುಣ್ಣಗಾಗಿದ್ದಿರಬೇಕು.

ಟಿಪ್ಪುವಿನ ಸಿಂಹಾಸನವನ್ನು ಕೊಳ್ಳೆಯ ಹಂಚಿಕೆಗಾಗಿ ಒಡೆದು ಚೂರುಮಾಡಿದರು. ಅದರ ದೊಡ್ಡ ಹುಲಿಯ ತಲೆ ವಿಂಡ್ಸರ್ ಅರಮನೆಯನ್ನು ಸೇರಿತು. ಮಕ್ಕಳನ್ನು ವೇಲೂರಿನ ಕೋಟೆಯಲ್ಲಿಟ್ಟರು. ೧೮೦೬ರ ಸಿಪಾಯಿಗಳ ದಂಗೆಯ ನಂತರ ಕಲ್ಕತ್ತೆಗೆ ಸಾಗಿಸಿದರು. ೧೭೯೯ರ ಜೂನ್ ೩೦ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಹೈದರನಿಗೂ ಟಿಪ್ಪುವಿಗೂ ಸೇವೆ ಸಲ್ಲಿಸಿದ್ದ ಪೂರ್ಣಯ್ಯನವರೇ ದಿವಾನರಾದರು. ತಾಮ್ರದ ಕಾಸಿನ ಆನೆಯನ್ನು ಅವರು ತೆಗೆಯಲಿಲ್ಲ. ಮೇಲೆ ಸೂರ್ಯಚಂದ್ರರು ಬಂದರು, ಆಮೇಲೆ ಶ್ರೀಕಾರ ಬಂದಿತು, ಚಾಮುಂಡಿಯ ಹೆಸರು ಬಂದಿತು. ಹಿಂಬದಿಯಲ್ಲಿ ಮಯಿಲಿ ಕಾಸು ಇಷ್ಟೆಂದು ಬೆಲೆಯನ್ನು ಕನ್ನಡದಲ್ಲಿ ಕೊರೆದರು, ಜೊತೆಗೆ ಕಂಪನಿಯವರಿಗಾಗಿ ಇಂಗ್ಲಿಷಿನಲ್ಲಿಯೂ. ಸಂತೆಗೆ ಹೋದ ಕನ್ನಡಿಗನು ತನ್ನ ಕೈಯಲ್ಲಿದ್ದ ಕಾಸನ್ನು ತಾನೇ ಓದುವಂತಾಯಿತು. ೧೮೩೧ರಲ್ಲಿ ಆಡಳಿತವನ್ನು ಕಂಪನಿ ವಹಿಸಿಕೊಂಡ ಮೇಲೆ ಕಮ್ಮಟವು ಮೈಸೂರಿನಿಂದ ಬೆಂಗಳೂರಿಗೆ ಹೋಗಿ, ೧೮೪೩ರಲ್ಲಿ ಮುಚ್ಚಿತು. ಅಷ್ಟರಲ್ಲಾಗಲೇ ವಿಕ್ಟೋರಿಯಾ ರಾಣಿಯ ಮುಖವಿದ್ದ ಕಂಪನಿಯ ರೂಪಾಯಿ ಚಲಾವಣೆಗೆ ಬಂದಿತ್ತು.